ಸದ್ದು ಮಾಡದ ಬಟ್ಟೆ

ಹಿಂದೂಪುರದ ಹುಣಸೆಹಣ್ಣಿನ ಮಂಡಿಯ ಹಿಂದಿನ ಬೀದಿಯಲ್ಲಿ ಟಾರ್ಪಾಲು ಎರ್ರಪ್ಪನ ಅಂಗಡಿಯ ಮೆಟ್ಟಿಲು ಹತ್ತಿದವರು, ಗಿರಾಕಿಯಾಗಲಿ, ಜಗಳ ತೆಗೆಯಲು ಬಂದವರಾಗಲಿ, ಬರಿದೇ ವಿಳಾಸ ಕೇಳಲು ನಿಂತವರಾಗಲಿ, ಮಾತಿಗೆ ಬಾಯಿ ತೆರೆಯುವ ಮೊದಲು ಒಂದು ಚೊಂಬು ನೀರು ಕುಡಿಯಲೇಬೇಕು. ಬಂದವರಿಗೆ ನೀರು ಕೊಡುವುದು ಆ ಸೀಮೆಯ ಯಾವ ಮನೆಯಲ್ಲೂ ಇರುವ ಮರ್ಯಾದೆಯೇ; ಅದರಲ್ಲಿ ಹೆಚ್ಚುಗಾರಿಕೆಯೇನಿಲ್ಲ. ಆದರೆ ಎರ್ರಪ್ಪ ಕೊಟ್ಟು ಸುಮ್ಮನಾಗುವ ಆಸಾಮಿಯಲ್ಲ. ಎದುರಿಗೇ ನಿಂತು, ಕತ್ತನ್ನು ತುಸು ಓರೆ ಮಾಡಿ, ಕುಡಿಯುವವರ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡುತ್ತಾನೆ. ಶಿಷ್ಟಾಚಾರಕ್ಕೆಂದು ಎರಡು ಗುಟುಕು ಕುಡಿದು ಚೊಂಬು ಕೆಳಗಿಟ್ಟವರಿಗೆ “ಪೂರಾ” ಎಂದು ಒಂದೇ ಮಾತು ಹೇಳಿ ಅದನ್ನು ಮತ್ತೆ ಕೈಗೆ ಹಿಡಿಸುತ್ತಾನೆ. ಆಮೇಲೆ ಅವರ ತುಟಿಯನ್ನೊಮ್ಮೆ ದಿಟ್ಟಿಸಿ, ಸಮಾಧಾನವಾದರೆ ಮಾತ್ರ ಕುಳಿತುಕೊಳ್ಳಲು ಮಣೆ ತೋರಿಸುತ್ತಾನೆ. ಇದು ಹುಚ್ಚೋ ಹರಕೆಯೋ ಎಂದು ಬೀದಿಯವರು ಬಹಳ ದಿನ ತಲೆ ಕೆಡಿಸಿಕೊಂಡು, ಎರಡೂ ಇರಬಹುದೆಂದು ಕೈಬಿಟ್ಟಿದ್ದರು.

ಆಳನ್ನು ನೋಡಿದರೆ ಇಂಥ ಉಪಚಾರದ ಮನುಷ್ಯನೆಂದು ಯಾರೂ ಹೇಳುವಂತಿಲ್ಲ. ಅರವತ್ತೆರಡು ವರ್ಷ, ಬಾಗಿಲಿಗೆ ತಲೆ ತಗ್ಗಿಸಬೇಕಾದ ಎತ್ತರ, ನರೆತರೂ ಸೊಕ್ಕಿಳಿಯದ ಮೀಸೆ, ದಬ್ಬಳ ಹಿಡಿದು ಹಿಡಿದು ಮರಗಟ್ಟಿದ ಬಲಗೈ. ಮಂಡಿಯಿಂದ ಹುಣಸೆ, ಬೆಲ್ಲ, ಮೆಣಸಿನಕಾಯಿ ಹೇರಿಕೊಂಡು ಚಿಲಮತ್ತೂರಿನ ಮೇಲೆ ಕೊಡಿಕೊಂಡದ ಚೆಕ್‌ಪೋಸ್ಟು ದಾಟಿ ಹೋಗುವ ಲಾರಿಗಳಿಗೆ ಮೂವತ್ತೈದು ವರ್ಷ ಟಾರ್ಪಾಲು ಹೊಲಿದವನು. ನೆಲದುದ್ದಕ್ಕೂ ಹರವಿದ ಟಾರ್ಪಾಲಿನ ಮೇಲೆ ಬರಿಗಾಲಲ್ಲಿ ಓಡಾಡಿ, ಜಾರದಂತೆ ಹಿಮ್ಮಡಿ ಮುಂಗಾಲು ಒಟ್ಟಿಗೆ ಊರುವ ಅಭ್ಯಾಸವಾಗಿ, ಬಜಾರಿನ ಡಾಂಬರಿನ ಮೇಲೂ ಅವನು ಹಾಗೇ ನಡೆಯುತ್ತಾನೆ. ಇಡೀ ಊರನ್ನು ಹಾಸಿಟ್ಟು ಅದರಲ್ಲಿ ಬಿಟ್ಟ ಹೊಲಿಗೆ ಹುಡುಕುತ್ತ ಹೊರಟವನಂತೆ ಕಾಣುತ್ತಾನೆ. ಒಂದು ಕಾಲಕ್ಕೆ ಮೈಮೇಲೆ ಸದಾ ಒಂದು ಹಸಿರು ಕೋಟು ಇರುತ್ತಿತ್ತು. ಉಳಿಕೆ ಟಾರ್ಪಾಲಿನಲ್ಲಿ ತಾನೇ ಹೊಲಿದುಕೊಂಡದ್ದು, ತೋಳಿಲ್ಲದ್ದು, ಮೇಣದುಂಡೆಗೊಂದು, ದಾರಕ್ಕೊಂದು, ದಬ್ಬಳಕ್ಕೊಂದು ಎಂದು ಬರೀ ಜೇಬುಗಳೇ ಆಗಿದ್ದದ್ದು. ಮೊದಲು ಅದರ ಚರಚರ ಸದ್ದು ಬರುತ್ತಿತ್ತು, ಹಿಂದೆ ಎರ್ರಪ್ಪ ಬರುತ್ತಿದ್ದ. ಎಂಟು ವರ್ಷಗಳ ಹಿಂದೆ ಒಂದು ದಿನ ಆ ಕೋಟನ್ನು ಬಿಚ್ಚಿ ಅಂಗಡಿಯ ಮೊಳೆಗೆ ನೇತುಹಾಕಿದವನು ಮತ್ತೆ ತೊಡಲಿಲ್ಲ.

ಮಾತಿನಲ್ಲಿ ಅವನಿಗೆ ಜಗತ್ತು ಎರಡೇ ಭಾಗ: ಸೋರುವುದು, ಸೋರದ್ದು. ಗೃಹಪ್ರವೇಶದ ಊಟಕ್ಕೆ ಹೋದರೂ ಅದೇ ಪ್ರಶ್ನೆ, ಮಗಳಿಗೆ ಗಂಡು ನೋಡಿ ಬಂದವರಿಗೂ ಅದೇ ಪ್ರಶ್ನೆ: “ಸೋರ್ತದಾ?” ಚುನಾವಣೆಯ ಕಾಲದಲ್ಲಿ ಬೀದಿಗೆ ಬಂದ ಒಬ್ಬ ಉಮೇದುವಾರನ ಭಾಷಣವನ್ನು ಬಿಸಿಲಲ್ಲಿ ನಿಂತು ಕೊನೆಯತನಕ ಕೇಳಿ, ಹೊಲಿಗೆಯೇನೋ ಚೆನ್ನಾಗಿದೆ, ಆದರೆ ಸೋರುತ್ತದೆ ಎಂದು ತೀರ್ಪು ಕೊಟ್ಟು ಒಳಗೆ ಹೋದನಂತೆ.

ಇಂಥ ಎರ್ರಪ್ಪನನ್ನು ಕೃಷ್ಣವೇಣಿ ಮೊದಲು ಕಂಡದ್ದೇ ಹೌಹಾರಿದ ಕಣ್ಣಿನಿಂದ. ಆಕೆ ಊರ ಹೊರಗಿನ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಚೆಕಿಂಗ್ ಸೂಪರ್‌ವೈಸರ್. ನಲವತ್ತು ದಾಟಿದ ಖಡಕ್ಕು ಹೆಂಗಸು. ಸೊಟ್ಟ ಹೊಲಿಗೆಯೊಂದು ಅವಳ ಕಣ್ಣು ತಪ್ಪಿಸಿ ಪೆಟ್ಟಿಗೆ ಸೇರಿದ್ದಿಲ್ಲ. ಎರಡು ವರ್ಷಗಳ ಹಿಂದೆ ಆ ಬೀದಿಗೆ ಮನೆ ಬದಲಿಸಿದ ಮರುದಿನ ಬೆಳಿಗ್ಗೆ, ಫ್ಯಾಕ್ಟರಿಯ ವ್ಯಾನಿಗೆಂದು ಹೊರಟ ಇಪ್ಪತ್ತು ಮೂವತ್ತು ಹುಡುಗಿಯರ ಕಣ್ಣೆದುರಿಗೇ, ಆ ಮೀಸೆಯ ಮನುಷ್ಯ ಅಂಗಡಿಯ ಸೂರಿನ ಗಳಕ್ಕೆ ಏಳೆಂಟು ಭಾರೀ ಗಾತ್ರದ ಚಡ್ಡಿಗಳನ್ನು ಸಾಲಾಗಿ ನೇತುಹಾಕಿ, ಒಂದೊಂದಕ್ಕೂ ಚೊಂಬಿನಿಂದ ನೀರು ತುಂಬುತ್ತಿದ್ದ. ತುಂಬಿದ್ದಲ್ಲದೆ, ಒಂದೊಂದರ ಕೆಳಗೂ ಕುಕ್ಕರಗಾಲಲ್ಲಿ ಕುಳಿತು, ಮುಖ ಮೇಲೆತ್ತಿ, ಹನಿ ಬೀಳುತ್ತದೋ ಇಲ್ಲವೋ ಎಂದು ತಪಸ್ಸಿಗೆ ಕುಳಿತವನಂತೆ ಕಾಯುತ್ತಿದ್ದ. ಹುಡುಗಿಯರು ಸೆರಗು, ದುಪಟ್ಟಾ ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ಕೃಷ್ಣವೇಣಿಯ ಬಾಯಿಂದ ಕನ್ನಡ ತೆಲುಗು ಎರಡೂ ಒಟ್ಟಿಗೇ ಹೊರಟವು. ವಯಸ್ಸಾದವನಿಗೆ ಮಾನ ಬೇಡವೇ, ಹೆಣ್ಣುಮಕ್ಕಳು ಓಡಾಡುವ ಬೀದಿಯಿದು, ಪೊಲೀಸಿಗೆ ಹೇಳಿಸುತ್ತೇನೆ ಎಂದು ಅವಳು ಕೂಗಾಡುತ್ತಿದ್ದರೆ, ಅವನು ಮೆಲ್ಲಗೆ ಎದ್ದು ಬಂದು ಚೊಂಬು ಮುಂದೆ ಹಿಡಿದ.

“ಮೊದ್ಲು ಕುಡಿ ಕಣಮ್ಮ. ಗಂಟ್ಲು ಒಣಗಿದ್ರೆ ಬೈಗುಳ ಸರ್ಯಾಗಿ ಬರಾಕಿಲ್ಲ.”

ಕೋಪದಲ್ಲೇ ಕುಡಿದಳು. ಕುಡಿಯುವಾಗ ಮುಖ ಮೇಲಾಯಿತಲ್ಲ, ಹಾಳು ಕಣ್ಣು ನೇತಾಡುವ ಚಡ್ಡಿಯ ಎಲಾಸ್ಟಿಕ್ಕಿನ ಮೇಲೆ ಬಿತ್ತು. ಇಪ್ಪತ್ತು ವರ್ಷದ ಚೆಕಿಂಗ್ ಬುದ್ಧಿ ಸುಮ್ಮನಿರಬೇಕಲ್ಲ? ಇಷ್ಟು ಎಳೆದು ಹೊಲಿದರೆ ತೊಡೆ ಕುಯ್ದುಹೋಗುತ್ತದೆ ಎಂದು ಬಾಯಿತಪ್ಪಿ ಅಂದುಬಿಟ್ಟಳು. ಎರ್ರಪ್ಪ ಅವಳನ್ನೇ ನೋಡಿದ. ಆಮೇಲೆ ಒಳಗಿನಿಂದ ಮಣೆ ತಂದು ಹಾಕಿ, ಒರಸಿ, ಕೂರಲು ಹೇಳಿದ. ಆ ದಿನ ಅವಳು ವ್ಯಾನು ತಪ್ಪಿಸಿಕೊಂಡಳು.

ಆ ಚಡ್ಡಿಗೆ ಅವನಿಟ್ಟ ಹೆಸರು ಮೇಲ್ಚಡ್ಡಿ. ಎಳೆಗೂಸಿಗೆ ಲಂಗೋಟಿ ಕಟ್ಟಿ ಅದರ ಮೇಲೆ ಪ್ಲಾಸ್ಟಿಕ್ ಚಡ್ಡಿ ತೊಡಿಸುವುದನ್ನು ಕಾಣದವರಾರು. ಇದು ಅದೇ, ದೊಡ್ಡವರಿಗೆ. ಒಳಗೆ ಹಳೆಯ ನೂಲಿನ ಸೀರೆಯ ಮಡಿಕೆಯೋ ಅಂಗಡಿಯ ಡೈಪರೋ. ಅದು ಕುಡಿಯುತ್ತದೆ, ಮೇಲಿನದು ಕಾಯುತ್ತದೆ. ಕೇಳಲು ಇಷ್ಟೇ. ಆದರೆ ಆ ಕಾಯುವ ಬಟ್ಟೆಗಾಗಿ ಅವನು ಪಟ್ಟ ಪಾಡು ಕೇಳಿ ಕೃಷ್ಣವೇಣಿ ಬೆಕ್ಕಸಬೆರಗಾದಳು. ಮೊದಲು ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಹೊಲಿದನಂತೆ. ಗಂಟೆಯೊಳಗೆ ಬೆವರಿ ಬೆಂದು ತೊಡೆಸಂದಿಯೆಲ್ಲ ಬೊಕ್ಕೆ. ಆಮೇಲೆ ಆಟೋ ಸೀಟಿನ ರೆಕ್ಸಿನ್ನು; ಮೂರನೆಯ ಒಗೆತಕ್ಕೆ ಸಿಪ್ಪೆ ಸುಲಿಯಿತು. ಕೊಡೆಯ ಬಟ್ಟೆ ಮಳೆಯನ್ನು ತಡೆಯಿತೇ ಹೊರತು, ಮನುಷ್ಯ ಅದರ ಮೇಲೆ ಕುಳಿತರೆ ತಡೆಯಲಿಲ್ಲ. ಕೊನೆಗೆ ಬೆಂಗಳೂರಿನ ಬಟ್ಟೆ ಬೀದಿಗಳನ್ನು ಅಲೆದು, ಕೂಸುಗಳ ಸಾಮಾನಿಗೆಂದು ಬರುವ ಒಂದು ಮೆತ್ತನೆಯ ಬಟ್ಟೆ ಹುಡುಕಿ ತಂದ; ಒಳಮೈಗೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಪೊರೆ ಅಂಟಿಸಿದ್ದು, ಹಬೆ ದಾಟಿದರೂ ನೀರು ದಾಟದ್ದು. ಸೂಜಿ ಹೋದ ದಾರಿಯಲ್ಲಿ ನೀರೂ ಹೋಗುತ್ತದೆಂಬುದು ಮೂವತ್ತೈದು ವರ್ಷದ ಟಾರ್ಪಾಲು ವಿದ್ಯೆ. ಆದ್ದರಿಂದ ತಳದಲ್ಲಿ ಹೊಲಿಗೆಯೇ ಇಲ್ಲದಂತೆ ಒಂದೇ ತುಂಡು ಕತ್ತರಿಸಿ, ಹೊಲಿಗೆಯನ್ನೆಲ್ಲ ಸೊಂಟದ ಪಕ್ಕಕ್ಕೆ ಏರಿಸಿದ. ರೈನ್‌ಕೋಟಿನ ಹೊಲಿಗೆಗೆ ಒಳಗಿನಿಂದ ಇಸ್ತ್ರಿ ಹಾಕಿ ಅಂಟಿಸುವ ಪಟ್ಟಿಯನ್ನು ತೋರಿಸಿಕೊಟ್ಟವಳು ಕೃಷ್ಣವೇಣಿ, ಎಲಾಸ್ಟಿಕ್ಕನ್ನು ಸಡಿಲಿಸಿದವಳೂ ಅವಳೇ. ಮಲಗಿದವರ ಕಾಲೆತ್ತಿ ತೊಡಿಸುವುದು ಹೇಗೆ ಎಂದು ಅವಳು ಕೇಳಿದ್ದಕ್ಕೆ, “ಲಾರೀನ ಎತ್ತಿ ಟಾರ್ಪಾಲು ತೊಡಿಸ್ತಾರಾ? ಪಕ್ಕದಾಗೆ ತಾನೆ ಕಟ್ಟದು” ಎಂದು, ಎರಡೂ ಪಕ್ಕಕ್ಕೆ ಲಾಡಿ ಇಟ್ಟ.

ಪ್ರತಿ ಹೊಸ ಮಾದರಿಯನ್ನೂ ಮೊದಲು ತಾನೇ ಒಂದು ದಿನ ತೊಟ್ಟು, ಬಜಾರಿನಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದ. ಅಲ್ಲಿಗೂ ಪರೀಕ್ಷೆ ಮುಗಿಯುತ್ತಿರಲಿಲ್ಲ. ಬಟ್ಟೆಯನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಮೆಲ್ಲಗೆ ಮುದುರುತ್ತಿದ್ದ; ಆಮೇಲೆ ಮೊಳೆಯ ಮೇಲಿನ ಹಸಿರು ಕೋಟನ್ನು ಒಮ್ಮೆ ಮುದುರುತ್ತಿದ್ದ; ಮತ್ತೆ ಬಟ್ಟೆ. ಚೂರು ಸದ್ದು ಬಂದರೂ ಒಂದು ಹನಿಯೂ ಸೋರದ ಚಡ್ಡಿಯನ್ನೂ ಮೂಲೆಗೆ ಎಸೆಯುತ್ತಿದ್ದ. ನೀರು ನಿಂತರೆ ಸಾಲದೆ, ಸದ್ದಿನ ಹುಚ್ಚೇಕೆ ಎಂದು ಕೃಷ್ಣವೇಣಿ ಕೇಳಿದಾಗೆಲ್ಲ ಇನ್ನೊಂದು ತುಂಡು ಎತ್ತಿ ಕಿವಿಗೆ ಹಿಡಿಯುತ್ತಿದ್ದ.

ಅದಕ್ಕಿಂತ ಅವಳನ್ನು ದಂಗುಬಡಿಸಿದ್ದು ಗಿರಾಕಿಗಳು. ಬರುವವರೆಲ್ಲ ಮಗುವಿಗೆ ಬೇಕೆಂದೇ ಕೇಳುತ್ತಿದ್ದರು. ಅಳತೆ ಮಾತ್ರ ಮೂವತ್ತೆಂಟು ಇಂಚು ಹೇಳುತ್ತಿದ್ದರು. ಎರ್ರಪ್ಪ ರೆಪ್ಪೆ ಆಡಿಸದೆ, ಮಗು ಗಟ್ಟಿಮುಟ್ಟಾಗಿದೆ, ದೃಷ್ಟಿ ತೆಗೆಯಿರಿ ಎಂದು ಹೇಳಿ, ಪೊಟ್ಟಣದ ಮೇಲೆ ‘ಮಗುವಿಗೆ’ ಎಂದು ಬರೆದು ಕೊಡುತ್ತಿದ್ದ. ಊರಿಗೆ ಊರೇ ಹೆದರುವ ಮಂಡಿಯ ಧಣಿಯೊಬ್ಬರು ಬಂದರು. ಹೆರಿಗೆಯಾಗಿ ವರ್ಷವಾದರೂ ಕೆಮ್ಮಲು ಹೆದರುವ ಸೊಸೆಯೊಬ್ಬಳು ಬಂದಳು. ತನಗೇ ಪಾಠ ಹೇಳಿದ ಮೇಷ್ಟ್ರು ಬಂದು ಮೊಮ್ಮಗನಿಗೆ ಎಂದಾಗ ಕೃಷ್ಣವೇಣಿ ಗೋಡೆಯ ಕಡೆ ತಿರುಗಿ ನಿಂತಳು. ಇಷ್ಟು ಜನವೇ, ನಮ್ಮ ಊರಲ್ಲೇ, ಇಷ್ಟು ದಿನ ಇದನ್ನು ಮುಚ್ಚಿಟ್ಟುಕೊಂಡು ಮದುವೆ ಮುಂಜಿಗಳಲ್ಲಿ ನಗುನಗುತ್ತ ಓಡಾಡಿದ್ದು ಹೇಗೆ ಎಂದು ಅವಳಿಗೆ ನಂಬುವುದೇ ಕಷ್ಟವಾಯಿತು. ತನ್ನ ಮನೆಯವರೂ ಆ ಸಾಲಿನಲ್ಲಿರಬಹುದೆಂದು ಮಾತ್ರ ಹೊಳೆಯಲಿಲ್ಲ.

ಕೃಷ್ಣವೇಣಿಯ ತಾಯಿ ನಾರಮ್ಮ ಇದ್ದದ್ದು ಕಲ್ಯಾಣದುರ್ಗದಲ್ಲಿ, ಮಗ ಮುರಳಿಕೃಷ್ಣ ಮತ್ತು ಸೊಸೆ ಮಲ್ಲೇಶ್ವರಿಯ ಜೊತೆ. ಬೆಳುಗುಪ್ಪದ ಕಡೆಯ ಹೊಲದಲ್ಲಿ ಗಂಡಾಳಿಗೆ ಸಮನಾಗಿ ದುಡಿದ ಜೀವ; ಎಪ್ಪತ್ತು ತುಂಬುತ್ತ ಬಂದಂತೆ ದೇವರ ಕಡೆ ಮನಸ್ಸು ತಿರುಗಿತೆಂದು ಎಲ್ಲರೂ ಹೇಳುತ್ತಿದ್ದರು. ಶನಿವಾರದ ಒಪ್ಪೊತ್ತು ಮೊದಲಿಂದಲೂ ಇತ್ತು. ಕಾರ್ತೀಕದಿಂದ ಸೋಮವಾರ ಸೇರಿತು, ಸಂಕ್ರಾಂತಿ ಕಳೆದ ಮೇಲೆ ಗುರುವಾರ. ಶಿವರಾತ್ರಿಯ ಮಾರನೆಯ ದಿನದಿಂದ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಕಠೋರ ವ್ರತವೆಂದಳು: ಬೆಳಗಿನ ಪೂಜೆಯಾದ ಮೇಲೆ ಒಂದೇ ಲೋಟ ನೀರು, ಮತ್ತೆ ಮರುದಿನದ ಪೂಜೆಯವರೆಗೆ ಹನಿಯಿಲ್ಲ, ಅನ್ನಕ್ಕೆ ಸಾರಿಲ್ಲ, ಮಜ್ಜಿಗೆಯಿಲ್ಲ, ಹಾಸಿಗೆ ಬಿಟ್ಟು ಹಿತ್ತಿಲ ಬಾಗಿಲ ಬಳಿಯ ಬರಿಯ ಬಂಡೆಯ ಮೇಲೆ ಮಲಗುವುದು, ಊರ ಗಡಿ ದಾಟುವಂತಿಲ್ಲ. ಆ ಬೇಸಗೆಯಲ್ಲಿ ಇಂಥ ನೇಮವೇ ಎಂದು ಬೀದಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಬಂದು ಕಾಲು ಮುಟ್ಟಿದರು. ಕೃಷ್ಣವೇಣಿಯೂ ಯುಗಾದಿಗೆ ಹೋದಾಗ ತಾಯಿಯ ಕಾಲಿಗೆ ಹಣೆ ಹಚ್ಚಿ ಕಣ್ಣೀರಿಟ್ಟು ಬಂದಿದ್ದಳು.

ಮಂಡಲ ಮುಗಿಯುವ ಹಿಂದಿನ ದಿನ, ಶುಕ್ರವಾರ, ಎರ್ರಪ್ಪನ ಅಂಗಡಿಯಲ್ಲಿ ಕುಳಿತು, ಅವನು ಇಟ್ಟ ಚೊಂಬನ್ನೂ ಮರೆತು, ಅವಳು ಈ ಹೆಮ್ಮೆಯನ್ನೆಲ್ಲ ಹೇಳಿಕೊಂಡಳು. ನಾಳೆ ತಾನೂ ಹೋಗುತ್ತೇನೆ, ತಮ್ಮ ದೊಡ್ಡ ಫ್ಲೆಕ್ಸು ಹಾಕಿಸಿದ್ದಾನೆ, ಐವತ್ತು ಜನಕ್ಕೆ ಊಟ ಎಂದಳು. ಎರ್ರಪ್ಪನ ಕತ್ತರಿ ಬಟ್ಟೆಯ ನಡುವೆ ನಿಂತುಹೋಯಿತು. ತಾಯಿ ಹಿಂದೂಪುರಕ್ಕೆ ಬಂದು ಎಷ್ಟು ದಿನವಾಯಿತು ಎಂದು ಕೇಳಿದ. ಕಳೆದ ದಸರಾಕ್ಕೆ ಬಂದವಳು, ತಿಂಗಳು ಇರುತ್ತೇನೆಂದವಳು ನಾಲ್ಕನೆಯ ದಿನವೇ ಹೊರಟಳು ಎಂದಳು. ವ್ರತವೆಲ್ಲ ಆಮೇಲೆ ತಾನೆ ಶುರುವಾದದ್ದು ಎಂದು ಕೇಳಿದ. ಹೌದೆಂದಳು. ಬಂಡೆಗೆ ನೀರು ಹಾಕಿ ತೊಳೆಯುವುದು ಯಾರು ಎಂದು ಕೇಳಿದ. ತಾನೇ ಎದ್ದು ತೊಳೆದುಕೊಳ್ಳುತ್ತಾಳೆ, ಮಡಿ ಎಂದಳು.

“ಅದು ವ್ರತ ಅಲ್ಲ ಕಣಮ್ಮ,” ಎಂದ ಎರ್ರಪ್ಪ. “ಬಾಯಾರಿಕೆ.”

ಕೃಷ್ಣವೇಣಿಗೆ ಮೈಯೆಲ್ಲ ಉರಿದುಹೋಯಿತು. ಕಂಡಲ್ಲೆಲ್ಲ ಉಚ್ಚೆಯೇ ಕಾಣುವ ನಿನ್ನ ಕಣ್ಣಿಗೆ ಭಕ್ತಿಯೆಲ್ಲಿಂದ ಕಾಣಬೇಕು, ನನ್ನ ತಾಯಿಯನ್ನು ಆ ಸಾಲಿಗೆ ಸೇರಿಸಬೇಡ ಎಂದು, ಇಟ್ಟ ಚೊಂಬನ್ನು ಮುಟ್ಟದೆ ಎದ್ದುಹೋದಳು. ಎರ್ರಪ್ಪನ ಅಂಗಡಿಯಿಂದ ನೀರು ಕುಡಿಯದೆ ಹೋದದ್ದು ಅವಳೊಬ್ಬಳೇ ಇರಬೇಕು. ಮರುದಿನ ಬೆಳಿಗ್ಗೆ ಕಲ್ಯಾಣದುರ್ಗದ ಬಸ್ಸು ಹತ್ತಿದರೆ, ಹಿಂದಿನ ಸೀಟಿನಲ್ಲಿ ಬಟ್ಟೆಯ ಚೀಲವೊ‍ಂದನ್ನು ತೊಡೆಯ ಮೇಲಿಟ್ಟುಕೊಂಡು ಆ ಮೀಸೆ ಕುಳಿತಿತ್ತು. ಇಳಿ ಎನ್ನಲು ಬಸ್ಸು ಅವಳದಲ್ಲ.

ಮನೆಯ ಮುಂದೆ ನಾರಮ್ಮನ ಆಳೆತ್ತರದ ಚಿತ್ರವಿದ್ದ ಫ್ಲೆಕ್ಸು ಬಿಸಿಗಾಳಿಗೆ ಪಟಪಟಿಸುತ್ತಿತ್ತು: ಕಠೋರ ವ್ರತವನ್ನು ಪೂರೈಸಿದ ಮಾತೃಶ್ರೀಯವರಿಗೆ ಶತಕೋಟಿ ನಮನಗಳು. ನಡುಮನೆಯಲ್ಲಿ ಹೆಂಗಸರು ತುಂಬಿದ್ದರು. ಎರ್ರಪ್ಪನನ್ನು ಯಾರೆಂದು ಹೇಳುವುದು? ನಮ್ಮ ಬೀದಿಯ ದೊಡ್ಡವರು, ಅಮ್ಮನ ಆಶೀರ್ವಾದಕ್ಕೆ ಬಂದಿದ್ದಾರೆ ಎಂದು ಮುರಳಿಕೃಷ್ಣನಿಗೆ ಹೇಳಿ, ಹಲ್ಲು ಕಚ್ಚಿಕೊಂಡು ಅವನನ್ನು ಹಿತ್ತಿಲ ಬಾಗಿಲಿಗೆ ಕರೆದೊಯ್ದಳು. ಬಂಡೆಗೆ ಒರಗಿಕೊಂಡು ನಾರಮ್ಮ ಕುಳಿತಿದ್ದಳು. ಯುಗಾದಿಗೆ ಕಂಡ ಮುಖವೇ ಅದು, ಅದಾಗಿ ವಾರ ಮೂರಾಗಿರಲಿಲ್ಲ. ಆದರೆ ಆಗ ಕೃಷ್ಣವೇಣಿ ನೋಡಿದ್ದು ಪಾದವನ್ನು. ಈಗ ಎರ್ರಪ್ಪ ನೋಡುತ್ತಿದ್ದ ಕಡೆ ಅವಳೂ ನೋಡಿದಳು. ತುಟಿ ಸೀಳಿ ಕಪ್ಪಗೆ ಹೆಪ್ಪುಗಟ್ಟಿತ್ತು. ಕಣ್ಣುಗಳು ಒಳಕ್ಕೆ ಸೇದಿಹೋಗಿದ್ದವು. ಮಾತಾಡಲು ಬಾಯಿ ತೆರೆದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಬಿಡಿಸಿಕೊಳ್ಳಲು ಒದ್ದಾಡಿತು.

ಎರ್ರಪ್ಪ ಕಾಲು ಮುಟ್ಟಲಿಲ್ಲ. ಎದುರಿನ ನೆಲದ ಮೇಲೆ ಕುಳಿತು, ಅಕ್ಕಾ ಎಂದು ಕರೆದು, ಅವಳ ವ್ರತದ ಬಗ್ಗೆ ಒಂದು ಮಾತನ್ನೂ ಕೇಳದೆ, ತನ್ನ ತಾಯಿ ಮುನಿಯಕ್ಕನ ಸುದ್ದಿ ತೆಗೆದ. ಎಂಟು ವರ್ಷಗಳ ಹಿಂದೆ, ಕೊನೆಗಾಲಕ್ಕೆ, ಆಕೆಗೂ ಮೂತ್ರದ ಹಿಡಿತ ತಪ್ಪಿತ್ತಂತೆ. ಹಾಸಿಗೆ ಕೆಡುತ್ತದೆಂದು ಅವನು ಅಂಗಡಿಯ ಒಳ್ಳೆಯ ಟಾರ್ಪಾಲು ಕತ್ತರಿಸಿ ಮಂಚಕ್ಕೆ ಹಾಸಿದನಂತೆ. ಊರವರ ಮೆಣಸಿನಕಾಯಿ ನೆನೆಯದಂತೆ ಕಾಯುವವನು ತನ್ನಮ್ಮನ ಹಾಸಿಗೆ ಕಾಯಲಾರೆನೇ ಎಂಬ ಜಂಬ. ಮುನಿಯಕ್ಕ ಮಗ್ಗುಲು ಬದಲಿಸಿದಾಗೆಲ್ಲ ಅದು ಚರಚರ ಎನ್ನುತ್ತಿತ್ತು, ಮನೆಮಂದಿಗೆಲ್ಲ ಕೇಳುತ್ತಿತ್ತು. ತಿಂಗಳೊಳಗೆ ಟಾರ್ಪಾಲು ಒಣಗಿಯೇ ಇರತೊಡಗಿತು. ಅಮ್ಮನಿಗೆ ವಾಸಿಯಾಯಿತೆಂದು ಅವನು ಬೀದಿಗೆಲ್ಲ ಹೇಳಿಕೊಂಡು ಬಂದ. ಆಕೆ ನೀರು ಬಿಟ್ಟದ್ದು ಗೊತ್ತಾಗಲಿಲ್ಲ. ಲೋಟ ಇಟ್ಟರೆ ಕಿಟಕಿಯಾಚೆ ಚೆಲ್ಲುತ್ತಿದ್ದಳೆಂಬುದು ಅಲ್ಲಿ ಬೆಳೆದ ತುಳಸಿಯನ್ನು ನೋಡಿದಾಗ ತಿಳಿದದ್ದು, ಎಲ್ಲ ಮುಗಿದ ಮೇಲೆ.

“ಕಡೇಗೆ ಜೀವ ಹೋಯ್ತದೆ, ಮಂಚದ ಮ್ಯಾಲೆ ಬಿಡಬಾರ್ದು ಅಂತ ನೆಲಕ್ಕೆ ಇಳಿಸಿದ್ವಿ,” ಎಂದ ಎರ್ರಪ್ಪ. ಮರಗಟ್ಟಿದ ಅಂಗೈಯಿಂದ ಬಂಡೆಯನ್ನು ಸವರುತ್ತಿದ್ದ. “ಅಲ್ಲೀವರ್ಗೂ ತುಟಿ ಬಿಚ್ಚದೆ ಇದ್ದೋಳು, ಹಿಂಗೆ ನೆಲ ಸವರಿ ನೋಡಿದ್ಲು. ‘ಇಲ್ಲಿ ಹಾಸ್ಗೆ ಇಲ್ಲವಲ್ಲ, ಇವಾಗ ನೀರು ಕುಡೀಲೇನಪ್ಪ?’ ಅಂದ್ಲು. ಎರಡು ಚೊಂಬು ಕುಡುದ್ಲು ಕಣಕ್ಕ. ಮೂರ್ನೇದು ತರೋಷ್ಟರಲ್ಲಿ ಹೋಗ್ಬುಟ್ಲು.”

ಬಾಗಿಲಲ್ಲಿ ನಿಂತಿದ್ದ ಮಲ್ಲೇಶ್ವರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಡುಮನೆಯಲ್ಲಿ ಯಾರೋ ಭಜನೆಗೆ ತಾಳ ಹುಡುಕುತ್ತಿದ್ದರು. ಎರ್ರಪ್ಪ ಚೀಲದಿಂದ ಪೊಟ್ಟಣ ತೆಗೆದು ಬಂಡೆಯ ಮೇಲಿಟ್ಟ. ಅದರ ಮೇಲೂ ‘ಮಗುವಿಗೆ’ ಎಂದೇ ಬರೆದಿತ್ತು. ನಾರಮ್ಮ ಆ ಅಕ್ಷರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ಅಂಟಿಕೊಂಡ ನಾಲಿಗೆಯನ್ನು ಬಿಡಿಸಿಕೊಂಡು, ಒಂದೇ ಒಂದು ಮಾತು ಕೇಳಿದಳು.

“ಸದ್ದು ಮಾಡ್ತದಾ?”

ಆ ಮಾತಿಗೆ ಕೃಷ್ಣವೇಣಿಗೆ ಒಮ್ಮೆಲೇ ಹೊಳೆಯಿತು. ಅಯ್ಯೋ, ದಸರಾ! ತಾಯಿ ಬಂದ ಎರಡನೆಯ ಬೆಳಿಗ್ಗೆ ಹಾಸಿಗೆ ಒದ್ದೆಯಾಗಿತ್ತು. ತಾನು ಒಂದು ಮಾತೂ ಆಡದೆ ಅದನ್ನು ಮಾಳಿಗೆಯ ಮೇಲೆ ಒಣಗಿಸಿದ್ದಳು; ತಾಯಿಯ ಮನಸ್ಸು ನೋಯದಿರಲೆಂದು ಗುಟ್ಟಾಗಿ, ಫ್ಯಾಕ್ಟರಿಯಲ್ಲಿ ಅಂಗಿ ಸುತ್ತುವ ದೊಡ್ಡ ಪ್ಲಾಸ್ಟಿಕ್ ಹಾಳೆ ತಂದು ಮೇಲ್ಹಾಸಿನ ಕೆಳಗೆ ಹಾಸಿದ್ದಳು; ಪ್ರಯಾಣದ ದಣಿವಿಗೆ ಆದ ಒಂದು ರಾತ್ರಿಯ ಮಾತೆಂದುಕೊಂಡು, ತನ್ನ ಜಾಣತನಕ್ಕೆ ತಾನೇ ಮೆಚ್ಚಿಕೊಂಡು ಮರೆತುಬಿಟ್ಟಿದ್ದಳು. ಮರುದಿನ ಕಾಫಿಯ ಹೊತ್ತಿಗೆ ಅವಳ ಗಂಡ, ಏನೂ ತಿಳಿಯದೆ, ರಾತ್ರಿಯೆಲ್ಲ ಅದೇನು ಚರಚರ, ಇಲಿ ಹೊಕ್ಕಿದೆಯಾ ಎಂದು ಕೇಳಿದ್ದ. ಎಲ್ಲರೂ ನಕ್ಕಿದ್ದರು. ನಾರಮ್ಮನೂ ನಕ್ಕಿದ್ದಳು. ಅದರ ಮಾರನೆಯ ದಿನವೇ ಅವಳು ಊರಿಗೆ ಹೊರಟದ್ದು. ಆರು ತಿಂಗಳಿಂದ ದೇವರ ಹೆಸರು ಹೊತ್ತ ಆ ಎಲ್ಲ ವಾರಗಳು, ಆ ಬಂಡೆ, ಆ ಗಡಿ, ಎಲ್ಲವೂ ತಾನು ಹಾಸಿದ ಆ ಹಾಳೆಯಿಂದ ಹುಟ್ಟಿದವು. ಆ ದಾಹದ ಕಾಲಿಗೇ ತಾನು ಹಣೆ ಹಚ್ಚಿ ಬಂದದ್ದು.

ಎರ್ರಪ್ಪ ಬಟ್ಟೆಯನ್ನು ನಾರಮ್ಮನ ಕಿವಿಯ ಬಳಿ ಹಿಡಿದು ಮುದುರಿದ. ಅವಳು ಅಷ್ಟಕ್ಕೇ ನಂಬದೆ, ಕೈಯಿಂದ ಕಸಿದುಕೊಂಡು, ಇನ್ನೊಂದು ಕಿವಿಯ ಹತ್ತಿರ ತಾನೇ ಹಿಂಡಿದಳು, ಕೊಡವಿದಳು, ಮತ್ತೆ ಹಿಂಡಿದಳು. ಯಾವ ಸದ್ದೂ ಬರಲಿಲ್ಲ.

“ಮಲ್ಲೇಶ್ವರಿ, ಒಂದ್ ಚೊಂಬು ನೀರು ತಕ್ಕಂಬಾಮ್ಮ.”

ಸೊಸೆ ಗಾಬರಿಯಲ್ಲಿ, ಇವತ್ತು ಶನಿವಾರ ಅತ್ತೆ, ಪೂಜೆ ಬೇರೆ ಇದೆ ಎಂದು ತೊದಲಿದಳು.

“ಶನಿವಾರ ಇರ್ಲಿ ಬುಡಮ್ಮ. ಮುಂದಿನ್ವಾರನೂ ಬತ್ತದೆ.”

ಕುಡಿದಳು. ಗಟಗಟನೆ ಕುಡಿಯಲು ಹೋದವಳನ್ನು ತಡೆದು, ಎರ್ರಪ್ಪ ಗುಟುಕು ಗುಟುಕಾಗಿ ಕುಡಿಸಿದ. ಅವನ ಕಣ್ಣು ಅವಳ ಗಂಟಲಿನ ಮೇಲಿತ್ತು, ಕೈ ಚೊಂಬಿನ ತಳದಲ್ಲಿತ್ತು. ನಡುಮನೆಯ ಹೆಂಗಸರು ಬಾಗಿಲಿಗೆ ಮುಗಿಬಿದ್ದು, ಮಂಡಲದ ಕೊನೆಯ ದಿನ ವ್ರತ ಮುರಿದ ಮಾತೃಶ್ರೀಯನ್ನು ಬಾಯಿ ಬಿಟ್ಟುಕೊಂಡು ನೋಡಿದರು. ಅಂದೇ ಮಧ್ಯಾಹ್ನ ಆಸ್ಪತ್ರೆಗೆ ಸೇರಿಸಿದರು. ಈ ಬಿಸಿಲಲ್ಲಿ ಇನ್ನೆರಡು ದಿನ ಹೀಗೇ ಇದ್ದಿದ್ದರೆ ಮೂತ್ರಪಿಂಡಗಳು ಪೂರ್ತಿ ನಿಂತುಹೋಗುತ್ತಿದ್ದವು ಎಂದು ಡಾಕ್ಟರು ಹೇಳಿದಾಗ, ಹಿತ್ತಿಲಲ್ಲಿ ನಡೆದದ್ದನ್ನೆಲ್ಲ ಹೆಂಡತಿಯಿಂದ ಕೇಳಿದ್ದ ಮುರಳಿಕೃಷ್ಣ ಅಲ್ಲಿಂದ ನೇರ ಮನೆಗೆ ಬಂದು ಫ್ಲೆಕ್ಸು ಬಿಚ್ಚಿದ. ಅದನ್ನು ಮಡಚುವಾಗ ಬಂದ ಚರಚರ ಸದ್ದಿಗೆ ಅವನು ಅರ್ಧಕ್ಕೇ ನಿಲ್ಲಿಸಿ, ತಲೆಯ ಮೇಲೆ ಕೈಹೊತ್ತು ಕುಳಿತುಬಿಟ್ಟನಂತೆ.

ನಾರಮ್ಮ ಐದು ದಿನಕ್ಕೆ ಮನೆಗೆ ಬಂದಳು. ಈಗ ಹಾಸಿಗೆಯ ಮೇಲೆ ಮಲಗುತ್ತಾಳೆ. ಶನಿವಾರದ ಒಪ್ಪೊತ್ತು ಬಿಟ್ಟಿಲ್ಲ, ಆದರೆ ನೀರಿಗೆ ನೇಮವಿಲ್ಲ. ಮೊನ್ನೆ ಒಬ್ಬಳೇ ಬಸ್ಸು ಹತ್ತಿ ಹಿಂದೂಪುರಕ್ಕೆ ಬಂದಿಳಿದು, ಮಗಳ ಮನೆಗೂ ಹೋಗದೆ ಮೊದಲು ಎರ್ರಪ್ಪನ ಅಂಗಡಿಗೆ ಬಂದು, ಲಾಡಿ ಬಿಗಿ, ಸರಿ ಮಾಡು ಎಂದು ಗದರಿದಳು. ಅವನು ಚೊಂಬು ಕೊಟ್ಟ. ಅವಳು ಪೂರಾ ಮಾಡಿ, ಬೋರಲು ಹಾಕಿ ತೋರಿಸಿದಳು. ತಾಯಿಯ ಕ್ಷಮೆಯನ್ನು ಯಾವ ಬಾಯಿಂದ ಕೇಳುವುದೆಂದು ತಿಳಿಯದ ಕೃಷ್ಣವೇಣಿ ಇವತ್ತಿಗೂ ಕೇಳಿಲ್ಲ; ಸಂಜೆ ಫ್ಯಾಕ್ಟರಿ ಮುಗಿಸಿ ಬಂದು ಎರ್ರಪ್ಪನ ಜೊತೆ ಕುಳಿತು ಹೊಲಿಯುತ್ತಾಳೆ, ಬಟ್ಟೆಯನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚುತ್ತಾಳೆ. ಅವಳು ಬೇಡವೆಂದು ಎಸೆದದ್ದನ್ನು ಈಗ ಎರ್ರಪ್ಪನೂ ಎತ್ತಿಕೊಳ್ಳುವುದಿಲ್ಲ.

ನಮ್ಮಲ್ಲಿ ಹಿರಿಯರನ್ನು ಕಂಡರೆ ಬಗ್ಗುವವರು ಬಹಳ ಮಂದಿ. ಬಗ್ಗಿದವರಿಗೆ ಪಾದ ಕಾಣುತ್ತದೆ, ತುಟಿ ಕಾಣುವುದಿಲ್ಲ. ಎರ್ರಪ್ಪನಂಥವರು, ಮರ್ಯಾದೆ ತಿಳಿಯದವರಂತೆ ನೆಟ್ಟಗೆ ನಿಂತು, ಮೊದಲು ತುಟಿಯನ್ನೇ ನೋಡುತ್ತಾರೆ, ಎಲ್ಲರೂ ಹೆಸರು ಹೇಳಲೂ ನಾಚುವ ಕೆಲಸವನ್ನು ಬೀದಿಯ ಎದುರಿಗೆ ಗಳಕ್ಕೆ ಕಟ್ಟಿ ಮಾಡುತ್ತಾರೆ, ಬೈಸಿಕೊಳ್ಳುತ್ತಾರೆ, ನಗೆಗೀಡಾಗುತ್ತಾರೆ. ಪುಣ್ಯಕ್ಕಾಗಿ ಮಾಡುತ್ತಾರೆಂದು ಅಂದುಕೊಂಡರೆ ಅವರನ್ನು ಅರಿತಂತಾಗಲಿಲ್ಲ. ತಮ್ಮ ಮನೆಯಲ್ಲಿ ಹೊತ್ತು ಮೀರಿ ಕಲಿತದ್ದನ್ನು ಇನ್ನೊಬ್ಬರ ಮನೆಗೆ ಹೊತ್ತಿಗೆ ಮುಟ್ಟಿಸುವುದಲ್ಲದೆ ಅವರಿಗೆ ಬೇರೆ ದಾರಿ ಉಳಿದಿಲ್ಲ. ಮೆಟ್ಟಿಲು ಹತ್ತಿದ ಪ್ರತಿಯೊಬ್ಬರ ಕೈಗೂ ಎರ್ರಪ್ಪ ಹಿಡಿಸುತ್ತಿರುವುದು ಆ ಮೂರನೆಯ ಚೊಂಬು.